ಮುಚ್ಚದೆ ಬಂದ ಮಗ್ಗದ ಗುಂಡಿ

ಗೌರಿಬಿದನೂರಿನಿಂದ ಹಿಂದೂಪುರಕ್ಕೆ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೊರಟೆ. ಮಾಘ ಮುಗಿಯುತ್ತಿತ್ತು. ಕಿಟಕಿಯಿಂದ ಬರುತ್ತಿದ್ದ ಗಾಳಿ ಇನ್ನೂ ತಣ್ಣಗಿತ್ತು. ಹೆಗಲಿನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಟಾರ್ಚು, ರಟ್ಟಿನ ಕೊಳವೆಯೊಳಗೆ ಸುತ್ತಿಟ್ಟ ಒಂದು ನಕಾಶೆ ಇದ್ದವು. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನಿಗೆ ನಕಾಶೆ ಹೊತ್ತು ತಿರುಗುವುದು ಹೊಸದಲ್ಲ. ಆದರೆ ಈ ಸಲ ಹುಡುಕಬೇಕಾಗಿದ್ದುದು ನನ್ನ ತಾಯಿ ಹುಟ್ಟಿದ ಊರು. ಅದು ಈಗಿನ ಯಾವ ನಕಾಶೆಯಲ್ಲೂ ಇಲ್ಲ.

ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಾರಣ ಓದುತ್ತಾ ಹೋದರೆ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಅದನ್ನು ಹಟ್ಟಿ ಎಂದಷ್ಟೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಹಳೆಯ ಸರ್ವೆ ನಕಾಶೆಯೊಂದರ ಜೆರಾಕ್ಸ್ ಪ್ರತಿ ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತ್ತು. ಕಲ್ಯಾಣದುರ್ಗದ ಪಡುವಣಕ್ಕೆ, ಗುಡ್ಡವೊಂದರ ಬುಡದಲ್ಲಿ, ಸಣ್ಣ ಕಪ್ಪು ಚೌಕಗಳ ಗುಂಪು, ಪಕ್ಕದಲ್ಲಿ ಬಾವಿಯ ಗುರುತು, ಮೇಲೆ ಹಟ್ಟಿಯ ಹೆಸರು. ಹೊಸ ನಕಾಶೆಯಲ್ಲಿ ಅದೇ ಸುತ್ತಿನಲ್ಲಿ ಖಾಲಿ ಬಿಳಿ. ತೊಂದರೆ ಏನೆಂದರೆ ಹಾಳೆಯ ಒಂದು ಅಂಚು ಹರಿದಿತ್ತು, ಮಡಿಕೆ ಬಿದ್ದ ಕಡೆ ಅಚ್ಚು ಅಳಿಸಿತ್ತು. ಅಲ್ಲಿ ಒಂದೇ ಆಕಾರದ ಎರಡು ಗುಡ್ಡಗಳಿವೆ. ಹಟ್ಟಿ ಇದ್ದದ್ದು ಯಾವುದರ ಬುಡದಲ್ಲಿ ಎಂಬುದು ಹಾಳೆಯಿಂದ ಗೊತ್ತಾಗುತ್ತಿರಲಿಲ್ಲ.

ಹಿಂದೂಪುರದಲ್ಲಿ ಇಳಿದು, ಸ್ಟೇಷನ್ನಿನಿಂದ ಆಟೋದಲ್ಲಿ ನೇಕಾರರ ಬೀದಿಗೆ ಹೋದೆ. ಐವತ್ತು ರೂಪಾಯಿ ಕೇಳಿದ, ನಲವತ್ತಕ್ಕೆ ಒಪ್ಪಿದ. ದೊಡ್ಡಮ್ಮನ ಮನೆಯ ಹಿಂದಿನ ಶೆಡ್ಡಿನಿಂದ ಪವರ್‌ಲೂಮಿನ ಸದ್ದು ಬೀದಿಯ ತುದಿಗೇ ಕೇಳುತ್ತಿತ್ತು. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ಲಕ್ಷ್ಮಕ್ಕ. ಎಂಬತ್ತು ದಾಟಿದ್ದಾಳೆ. ಆ ಹಟ್ಟಿಯಲ್ಲಿ ಹುಟ್ಟಿ ಇನ್ನೂ ಬದುಕಿರುವವಳು ನಮ್ಮ ಮನೆತನದಲ್ಲಿ ಅವಳೊಬ್ಬಳೇ. ಮಗ ರಂಗಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಮಗ್ಗ, ಸೀರೆ ವ್ಯಾಪಾರ ಎರಡೂ ಅವನದೇ.

"ಬಂದ್ರಾ ಮೇಷ್ಟ್ರೇ?" ಎಂದ ರಂಗಣ್ಣ. "ಇಲ್ದಿರೋ ಊರ್ಗೆ ದಾರಿ ತೋರ್ಸೋರು ನೀವೊಬ್ರೇ ನೋಡಿ."

"ನೀನು ಬಾಯಿ ಮುಚ್ಕೊಂಡು ಅವನಿಗೆ ಕಾಫಿ ಕೊಡ್ಸು," ಎಂದಳು ದೊಡ್ಡಮ್ಮ. ಅವಳ ಚೀಲ ಆಗಲೇ ಬಾಗಿಲ ಬಳಿ ಇತ್ತು.

ನಾನು ಹೋಗಿ ಜಾಗ ನೋಡಿ ಬಂದು ಹೇಳುತ್ತೇನೆ, ಆಮೇಲೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಅವಳು ಒಪ್ಪಲಿಲ್ಲ.

"ನೀನು ನೋಡ್ಕೊಂಡ್ ಬರೋ ಹೊತ್ಗೆ ಜೆಸಿಬಿ ಬಂದ್ಬುಟ್ರೆ? ನಾನೂ ಬತ್ತೀನಿ ಕಣಪ್ಪ. ಕೈ ನಂದು, ನಿಂದಲ್ಲ."

ಕೈ ನಂದು ಎಂದದ್ದನ್ನು ವಿವರಿಸಬೇಕು. ನಮ್ಮವರು ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ನೇಯುವವನು ಸತ್ತರೆ ಹನ್ನೊಂದು ದಿನದೊಳಗೆ ಅವನ ಮೊದಲ ಮಗು ಆ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಬೇಕು. ಉಳಿದವರು ಸೇರಿ ಮುಚ್ಚುತ್ತಾರೆ. ಮುಂದೆ ಆ ಮನೆಯಲ್ಲಿ ಯಾರು ಮಗ್ಗಕ್ಕೆ ಕೂರುತ್ತಾರೋ ಅವರು ಹೊಸದಾಗಿ ತೋಡುತ್ತಾರೆ. ಮುಚ್ಚದೆ ಬಿಟ್ಟರೆ ಸತ್ತವನು ಕಾಲು ಎತ್ತುವುದಿಲ್ಲ, ಅಲ್ಲೇ ಕೂತಿರುತ್ತಾನೆ ಎನ್ನುತ್ತಾರೆ. ನಮ್ಮಜ್ಜ ಸತ್ತ ಮೂರನೇ ದಿನವೇ ಅಜ್ಜಿಯ ಅಣ್ಣ ಗಾಡಿ ತಂದು ಅವಳನ್ನೂ ಮಕ್ಕಳನ್ನೂ ಹಿಂದೂಪುರಕ್ಕೆ ಕರೆತಂದ. ಮೊದಲ ಮಗುವಾದ ದೊಡ್ಡಮ್ಮ ಆಗ ಸಣ್ಣವಳು, ನನ್ನ ತಾಯಿ ಮೊಲೆಗೂಸು. ಮಣ್ಣು ಹಾಕುವುದು ಹಾಗೇ ಉಳಿಯಿತು. ಬಾವಿಯ ನೀರು ಉಪ್ಪಾಗುತ್ತಾ ಬಂದಂತೆ ಉಳಿದ ಮನೆಗಳೂ ಒಂದೊಂದಾಗಿ ಎದ್ದವು. ಎಲ್ಲರೂ ಮಗ್ಗದ ಮರಮುಟ್ಟು ಬಿಚ್ಚಿಕೊಂಡು ಹೋದರು, ಗುಂಡಿಗಳನ್ನು ಬಿಟ್ಟು ಹೋದರು.

ಈಗ ಆ ಸೀಮೆಯಲ್ಲಿ ಸೋಲಾರ್ ತಟ್ಟೆ ಹಾಕಲು ನೆಲ ಮಟ್ಟ ಮಾಡುತ್ತಿದ್ದಾರೆಂದು ರಂಗಣ್ಣನ ಬಳಿ ಸೀರೆ ಕೊಳ್ಳಲು ಬಂದವರೊಬ್ಬರು ಹೇಳಿದ್ದರು. ಅವತ್ತಿನಿಂದ ದೊಡ್ಡಮ್ಮನಿಗೆ ಒಂದೇ ಮಾತು: ಅಪ್ಪನ ಗುಂಡಿಯನ್ನು ಮಿಷನ್ನು ಮುಚ್ಚುವ ಮೊದಲು ತಾನು ಮುಚ್ಚಬೇಕು.

"ಅಷ್ಟು ಗುಂಡೀಲಿ ಅಜ್ಜಂದ್ಯಾವ್ದು ಅಂತ ಹೆಂಗೆ ಗೊತ್ತಾಯ್ತದೆ?" ಎಂದು ಕೇಳಿದೆ.

"ನಮ್ಮಪ್ಪಂದು ಬಲಗಾಲು ಗಿಡ್ಡ ಕಣೋ. ತುಳಿಯೋಕೆ ಎಟುಕ್ತಿರ್ಲಿಲ್ಲ ಅಂತ ಗುಂಡಿ ತಳದಾಗೆ ಬಲಗಡೆ ಒಂದು ಚಪ್ಪಡಿ ಕೂರಿಸಿದ್ದ. ಬೇರೆ ಯಾರ್ದ್ರಲ್ಲೂ ಅದಿರ್ಲಿಲ್ಲ."

ಎರಡನೇ ದಿನ ಮೂವರೂ ಹೊರಟೆವು. ರಂಗಣ್ಣ ಕೊನೆಯವರೆಗೂ ಗೊಣಗುತ್ತಲೇ ಶರ್ಟು ಹಾಕಿಕೊಂಡ. ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ರೊದ್ದಂ ಮೇಲೆ ಪಾವಗಡಕ್ಕೆ, ಅಲ್ಲಿಂದ ಕಲ್ಯಾಣದುರ್ಗಕ್ಕೆ. ರೊದ್ದಂ ದಾಟುವಾಗ ಕಡಲೆಕಾಯಿ ಕಿತ್ತ ಹೊಲಗಳು ಕೆಂಪಗೆ ಬಿದ್ದಿದ್ದವು. ಪೆನುಕೊಂಡದವರೆಗೆ ಆಧಾರ್ ಕಾರ್ಡು ತೋರಿಸಿ ಹೆಂಗಸರಿಗೆ ಕೊಡುವ ಸೊನ್ನೆ ಟಿಕೇಟಿನಲ್ಲಿ ಬಂದಿದ್ದ ದೊಡ್ಡಮ್ಮ, ಪಾವಗಡದ ಬಸ್ಸಿನಲ್ಲೂ ಅದೇ ಕಾರ್ಡು ಚಾಚಿದಳು.

"ಇದ್ರಾಗೆ ಫ್ರೀ ಇಲ್ಲ ಅವ್ವಾ, ಬಾರ್ಡರ್ ದಾಟ್ತದೆ," ಎಂದ ಕಂಡಕ್ಟರ್.

"ಎಲ್ಲೈತೆ ಬಾರ್ಡ್ರು? ಬಂದಾಗ ತೋರ್ಸು, ಇಳ್ದು ನಡ್ಕೊಂಡು ದಾಟ್ತೀನಿ. ಆಮೇಲೆ ಹತ್ತಿಸ್ಕೋ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ನಗುತ್ತಲೇ ಪೂರ್ತಿ ಟಿಕೇಟು ಹರಿದ. ಗಡಿ ದಾಟಿದ್ದು ನನಗೂ ಗೊತ್ತಾಗಲಿಲ್ಲ. ಅಂಗಡಿ ಬೋರ್ಡಿನ ಅಕ್ಷರ ತೆಲುಗಿನಿಂದ ಕನ್ನಡಕ್ಕೆ ಬದಲಾಗಿದ್ದನ್ನು ನೋಡಿ ತಿಳಿದುಕೊಂಡೆ.

ಕಲ್ಯಾಣದುರ್ಗ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಬಸ್ ನಿಲ್ದಾಣದ ಎದುರು ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿದ ಉಗ್ಗಾನಿಗೆ ಪ್ಲೇಟಿಗೆ ಮೂವತ್ತು. ಆಮೇಲೆ ದೊಡ್ಡಮ್ಮನನ್ನು ಲಾಡ್ಜಿನಲ್ಲಿ ಮಲಗಿಸಿ, ನಾನೂ ರಂಗಣ್ಣನೂ ಅಂಚೆ ಕಚೇರಿಗೆ ಹೋದೆವು.

ಯಾವ ಹಳ್ಳಿಯ ಟಪಾಲು ಯಾವ ಶಾಖೆಯಿಂದ ಹೋಗುತ್ತಿತ್ತು ಎಂಬ ಹಳೆಯ ಪಟ್ಟಿ ಇದ್ದರೆ, ಎರಡು ಗುಡ್ಡಗಳ ಪ್ರಶ್ನೆ ಬಗೆಹರಿದೀತು ಎಂಬುದು ನನ್ನ ಲೆಕ್ಕ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಮಾತನ್ನು ತಾಳ್ಮೆಯಿಂದ ಕೇಳಿ, ಒಳಗೆ ಬೀರುವಿನ ಮೇಲಿಂದ ಬಟ್ಟೆ ಕಟ್ಟಿದ ದಪ್ಪ ಪುಸ್ತಕವೊಂದನ್ನು ಇಳಿಸಿಕೊಟ್ಟರು. "ಇಲ್ಲೇ ಕೂತು ನೋಡ್ಕೊಳ್ಳಿ ಸಾರ್. ಫೋಟೋ ಬೇಡ." ಒಂದು ಗಂಟೆ ಹಿಡಿಯಿತು. ಇಂಗ್ಲಿಷಿನಲ್ಲಿ ಬರೆದ ಹಟ್ಟಿಯ ಹೆಸರಿನ ಮೇಲೆ ಕೆಂಪು ಶಾಯಿಯ ಗೀಟು, ಪಕ್ಕದಲ್ಲಿ ಬೇರೆ ಕೈಬರಹದಲ್ಲಿ: ವಾಸವಿಲ್ಲ, ಟಪಾಲು ವಾಪಸ್ಸು. ಮುಂದಿನ ಅಂಕಣದಲ್ಲಿ ಶಾಖಾ ಅಂಚೆ ಇದ್ದ ಹಳ್ಳಿಯ ಹೆಸರಿತ್ತು. ಅದು ಬ್ರಹ್ಮಸಮುದ್ರದ ಕಡೆಯ ಹಳ್ಳಿ, ಈಗಲೂ ಇದೆ. ಆದರೆ ಸರಿಯಾಗಿ ಎರಡು ಗುಡ್ಡಗಳ ನಡುವೆ ಇದೆ.

"ಅಂಚೆ ಇಲಾಖೆನೂ ನಡೂಮಧ್ಯಕ್ಕೆ ತಂದು ಬಿಡ್ತು," ಎಂದ ರಂಗಣ್ಣ. ಆದರೂ ಆ ಕೆಂಪು ಗೀಟಿನ ಮೇಲೆ ಅವನು ಬೆರಳಾಡಿಸಿದ್ದನ್ನು ನೋಡಿದೆ. ಹಟ್ಟಿ ನಿಜವಾಗಿ ಇತ್ತು ಎಂದು ಅವನಿಗೆ ನಂಬಿಕೆ ಬಂದದ್ದು ಆಗ.

ಮೂರನೇ ದಿನ ಬೆಳಿಗ್ಗೆ ಬಸ್ಸಿನಲ್ಲಿ ಬ್ರಹ್ಮಸಮುದ್ರಕ್ಕೆ, ಅಲ್ಲಿಂದ ದಿನಕ್ಕೆ ಸಾವಿರ ರೂಪಾಯಿಗೆ ಮಾತಾಡಿ ಒಂದು ಆಟೋ. ದಾರಿಯುದ್ದಕ್ಕೂ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಶಾಖಾ ಅಂಚೆಯ ಹಳ್ಳಿಯಲ್ಲಿ ಅರಳಿಕಟ್ಟೆಯ ಮೇಲೆ ಕೂತಿದ್ದವರನ್ನು ಹಟ್ಟಿಯ ಹೆಸರು ಹಿಡಿದು ಕೇಳಿದೆ. ಯಾರಿಗೂ ಗೊತ್ತಿಲ್ಲ. "ಆ ಪೇರುತೋ ಊರೇ ಲೇದು ಸಾರ್" ಎಂದರು, ಆ ಹೆಸರಿನ ಊರೇ ಇಲ್ಲ. ಒಬ್ಬರು ಅದು ಬಳ್ಳಾರಿ ಕಡೆ ಇರಬೇಕೆಂದರು.

ಹತ್ತಿರದ ಗುಡ್ಡವನ್ನು ಮೊದಲು ನೋಡುವುದೆಂದು ಹೊರಟೆವು. ಬಿಸಿಲು ಏರುವವರೆಗೂ ಅದರ ಬುಡ ಸುತ್ತಿದೆವು. ಜಾಲಿ, ಬಂದರಿಕೆ ಗಿಡ, ಬೋರ್‌ವೆಲ್ಲಿನ ಒಂದು ಶೆಡ್ಡು. ಬಾವಿ ಇಲ್ಲ, ಗೋಡೆಯ ಬುಡ ಇಲ್ಲ, ಒಡೆದ ಮಡಕೆಯ ಚೂರೂ ಇಲ್ಲ. ದೊಡ್ಡಮ್ಮ ಆಟೋದ ನೆರಳಿನಲ್ಲಿ ಕೂತು, ನಾವು ಬಂದಾಗಲೆಲ್ಲ ಮುಖ ನೋಡುತ್ತಿದ್ದಳು.

ಹಿಂತಿರುಗುವಾಗ ಮೇಕೆ ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ಸಿಕ್ಕಳು. ಇನ್ನೊಂದು ಗುಡ್ಡದ ಬುಡದಲ್ಲಿ ಹಾಳೂರು ಇದೆಯೇ ಎಂದು ಕೇಳಿದೆ.

"ಊರೆಲ್ಲೈತೆ ಸಾಮಿ ಅಲ್ಲಿ? ಗೋರಿಗಳವೆ. ಮಕ್ಳ ಗೋರಿ. ನಾವು ಮೇಕೇನೂ ಬಿಡಲ್ಲ ಆ ಕಡೆ."

"ಮಕ್ಕಳವು ಅಂತ ಹೆಂಗೆ ಹೇಳ್ತೀಯಮ್ಮ?"

"ಇಷ್ಟಿಷ್ಟೇ ಅವಲ್ಲ," ಎಂದು ಅವಳು ಎರಡೂ ಕೈ ಚಾಚಿ ಅಳತೆ ತೋರಿಸಿದಳು. "ಸಾಲಾಗವೆ. ಎಲ್ಲ ಕುಸ್ದೋಗವೆ. ಯಾವ್ದೋ ಕಾಲ್ದಾಗೆ ಯಾವ್ದೋ ಮಾರಿ ಬಂದು ಎಲ್ಲ ಮಕ್ಳೂ ಒಟ್ಗೆ ಹೋದ್ವಂತೆ. ಮಿಷನ್ನೋನೂ ಮುಟ್ಟಿಲ್ಲ ಕಣಪ್ಪ."

ನಮ್ಮ ಮನೆಯಲ್ಲಿ ಹಟ್ಟಿಯ ಮಾತು ಬಂದಾಗ ನನ್ನ ತಾಯಿ ಎದ್ದು ಹೋಗುತ್ತಿದ್ದುದು ನೆನಪಾಯಿತು. ಬಾವಿ ಉಪ್ಪಾದದ್ದು ನಮಗೆ ಹೇಳಲೆಂದು ಕಟ್ಟಿದ ಕಾರಣವೇನೋ, ನಿಜವಾಗಿ ಊರು ಖಾಲಿಯಾದದ್ದು ಹೀಗೇನೋ ಎಂದುಕೊಂಡೆ. ನಕಾಶೆಯ ಆ ಕಪ್ಪು ಚೌಕಗಳನ್ನು ಮತ್ತೆ ತೆಗೆದು ನೋಡುವ ಧೈರ್ಯ ಅವತ್ತು ಬರಲಿಲ್ಲ. ಕಲ್ಯಾಣದುರ್ಗಕ್ಕೆ ವಾಪಸ್ಸು ಬಂದು ಮಲಗಿದೆವು.

ನಾಲ್ಕನೇ ದಿನ ಬೆಳಿಗ್ಗೆ ಇಡ್ಲಿಯ ಮುಂದೆ ಕೂತಾಗ ದೊಡ್ಡಮ್ಮ ಕೇಳಿದಳು: "ಆ ಮೇಕೆಯೋಳು ಕೈ ಎಷ್ಟಗಲ ತೋರ್ಸಿದ್ಲು?"

ತೋರಿಸಿದೆ. ಉದ್ದ ಎರಡು ಮೊಳ ಇರಬಹುದು, ಅಗಲವೂ ಹೆಚ್ಚು ಕಡಿಮೆ ಅಷ್ಟೇ.

"ಉದ್ದಾನೂ ಅಗಲಾನೂ ಒಂದೇ ಆದ್ರೆ ಅದೆಂಥ ಗೋರಿನೋ? ಮಗೂನ ಕೂರ್ಸಿ ಮಣ್ಣು ಮಾಡಿದ್ರಾ?" ಎಂದಳು. "ಊರಿನ್ ಮಕ್ಳೆಲ್ಲ ಸತ್ತಿದ್ರೆ ನಾನ್ಯಾರೋ? ನಿಮ್ಮಮ್ಮ ಯಾರೋ? ಬೇಗ ತಿನ್ರಿ, ಹೊರಡಾನ."

ರಂಗಣ್ಣ ಇಡ್ಲಿ ಅಲ್ಲೇ ಬಿಟ್ಟು ಆಟೋದವನಿಗೆ ಫೋನು ಹಚ್ಚಿದ.

ಎರಡನೇ ಗುಡ್ಡದ ದಾರಿಯಲ್ಲಿ ಕೊನೆಯ ಒಂದು ಮೈಲಿ ಹೊಸದಾಗಿ ಮಣ್ಣು ಹಾಕಿದ ರಸ್ತೆ. ಗುಡ್ಡದ ಈಚೆಯ ನೆಲವನ್ನೆಲ್ಲ ಮಟ್ಟ ಮಾಡಿದ್ದರು. ಕೆಂಪು ನೆಲ, ಚಪ್ಪಟೆ, ಒಂದು ಗಿಡವಿಲ್ಲ. ಮಿಷನ್ನಿನ ಚಕ್ರದ ಗುರುತು ಮಾತ್ರ. ಒಂದು ಕಡೆ ಆ ಗುರುತುಗಳು ಇದ್ದಕ್ಕಿದ್ದಂತೆ ತಿರುಗಿ, ಒಂದಷ್ಟು ಜಾಗವನ್ನು ಬಳಸಿಕೊಂಡು ಹೋಗಿದ್ದವು. ಬಿಟ್ಟ ಜಾಗದ ಮೂಲೆಯಲ್ಲಿ ಯಾರೋ ಕೋಲು ನೆಟ್ಟು ಅರಿಶಿನದ ಬಟ್ಟೆ ಕಟ್ಟಿದ್ದರು.

ಜಾಲಿಯ ನಡುವೆ ಅವು ಇದ್ದವು. ಕಲ್ಲಿನ ಅಂಚು ಕಟ್ಟಿದ ಚೌಕ ಗುಂಡಿಗಳು, ಎರಡು ಸಾಲು, ಎಲ್ಲ ಒಂದೇ ದಿಕ್ಕಿಗೆ. ಹದಿನೈದಿಪ್ಪತ್ತು ಇರಬಹುದು. ಮಣ್ಣು ತುಂಬಿ ಮೊಣಕಾಲುದ್ದಕ್ಕೆ ಬಂದಿದ್ದವು. ಪಕ್ಕದಲ್ಲಿ ಗೋಡೆಯ ಗುರುತೂ ಇಲ್ಲ. ಮಣ್ಣಿನ ಗೋಡೆಗಳು ಮಣ್ಣಾಗಿದ್ದವು, ಗುಂಡಿಯಷ್ಟೇ ಉಳಿದಿತ್ತು. ಮಟ್ಟ ಮಾಡಿದ ನೆಲದ ಕಡೆಗೆ ಆ ಸಾಲುಗಳು ಇನ್ನೂ ಮುಂದುವರಿದಿದ್ದಿರಬೇಕು. ಕೊನೆಯ ಒಂದು ಗುಂಡಿ ಅರ್ಧಕ್ಕೆ ಕತ್ತರಿಸಿ ಹೋಗಿತ್ತು. ಅಜ್ಜನದು ಆ ಕಡೆ ಇದ್ದಿದ್ದರೆ ನಾವು ತಡವಾಗಿ ಬಂದೆವು ಎಂದು ಮೂವರಿಗೂ ಅನ್ನಿಸಿತು.

ರಂಗಣ್ಣ ಪ್ಯಾಂಟು ಮಡಚಿ ಮೊದಲ ಗುಂಡಿಗೆ ಇಳಿದ. ಬಲಗಡೆಯ ತಳವನ್ನು ಕೈಯಿಂದ ಬಗೆದ. ಏನಿಲ್ಲ. ಎರಡನೆಯದಕ್ಕೆ ನಾನು ಇಳಿದೆ. ಹೀಗೆ ಒಂದೊಂದೇ. ಮುಳ್ಳು ಗೀರಿ ಕೈಯೆಲ್ಲ ರಕ್ತ. ಬಾಡಿಗೆಗೆ ಬಂದಿದ್ದ ಆಟೋದವನು ದೂರದಲ್ಲೇ ಚಪ್ಪಲಿ ಬಿಟ್ಟು ನಿಂತಿದ್ದ, ಹತ್ತಿರ ಬರಲಿಲ್ಲ.

"ಮೇಷ್ಟ್ರೇ," ಎಂದ ರಂಗಣ್ಣ ಎರಡನೇ ಸಾಲಿನ ಒಂದು ಗುಂಡಿಯಿಂದ. ದನಿ ಬೇರೆಯಾಗಿತ್ತು. "ಕಲ್ಲೈತೆ."

ಮಣ್ಣು ಬಗೆದು ನೋಡಿದೆವು. ಬಲಗಡೆ ಒಂದು ಚಪ್ಪಡಿ, ಒಂದು ಕಾಲಿಗೆ ಸರಿಯಾಗುವಷ್ಟು ಅಗಲ. ಮಧ್ಯದಲ್ಲಿ ಸವೆದು ನುಣುಪಾಗಿತ್ತು.

ದೊಡ್ಡಮ್ಮನನ್ನು ಇಬ್ಬರೂ ಹಿಡಿದು ಅಂಚಿನಲ್ಲಿ ಕೂರಿಸಿದೆವು. ಅವಳು ಕಾಲು ಇಳಿಬಿಟ್ಟು, ಬಲಗಾಲನ್ನು ಆ ಕಲ್ಲಿನ ಮೇಲಿಟ್ಟಳು. "ಆವಾಗ ನಂಗೆ ಎಟುಕ್ತಿರ್ಲಿಲ್ಲ," ಎಂದಳು. ಆಮೇಲೆ ಕೈ ಹಿಡಿದು ಎದ್ದು ಈಚೆ ಬಂದು, ಬಗ್ಗಿ, ಬಲಗೈ ತುಂಬ ಮಣ್ಣು ತೆಗೆದುಕೊಂಡಳು.

ಆಗಲೇ ಬೈಕಿನ ಸದ್ದು ಕೇಳಿಸಿದ್ದು. ಕೆಲಸದ ಮೇಸ್ತ್ರಿ, ಹಳದಿ ಟೋಪಿ, ಕಂಕುಳಲ್ಲಿ ಕಾಗದದ ಸುರುಳಿ. ಹಿಂದೆ ಮಿಷನ್ನು ಓಡಿಸುವವನು. ಜಗಳಕ್ಕೆ ಬಂದವರಲ್ಲ. ಇಬ್ಬರೂ ಚಪ್ಪಲಿ ಬಿಟ್ಟೇ ಒಳಗೆ ಬಂದರು.

"ಎವರಿವಿ ಪೆದ್ದಮ್ಮಾ ಈ ಸಮಾಧುಲು?" ಎಂದು ಕೇಳಿದ ಮೇಸ್ತ್ರಿ. ಇವು ಯಾರ ಗೋರಿಗಳು ಎಂದು. ನಾಳೆ ಮಟ್ಟ ಮಾಡುವ ಕೆಲಸ ಮುಗಿಸಬೇಕು, ಇವನು ಹೆದರಿ ಮಿಷನ್ನು ತಿರುಗಿಸಿಬಿಟ್ಟಿದ್ದಾನೆ. ಗೋರಿಗಳೇ ಆದರೆ ಬಿಟ್ಟು ಬೇಲಿ ಹಾಕುತ್ತೇವೆ, ಸುಮ್ಮನೆ ಗುಂಡಿಗಳಾದರೆ ಹೇಳಿ, ಮುಚ್ಚಿಬಿಡುತ್ತೇವೆ ಎಂದ.

ರಂಗಣ್ಣ ಬಾಯಿ ತೆರೆದದ್ದನ್ನು ನೋಡಿದೆ. ವ್ಯಾಪಾರದಲ್ಲೂ ಅವನದು ಇದ್ದದ್ದು ಇದ್ದಹಾಗೆ ಹೇಳುವ ಬಾಯಿ. ಅವನಿಗಿಂತ ಮೊದಲು ದೊಡ್ಡಮ್ಮ ಹೇಳಿದಳು:

"ಮಾವೇ ನಾಯನಾ. ಪಿಲ್ಲಲವಿ." ನಮ್ಮವೇ, ಮಕ್ಕಳವು.

ಮಿಷನ್ನಿನವನು ಮೇಸ್ತ್ರಿಯ ಕಡೆ ತಿರುಗಿ, ನಾನು ಹೇಳಲಿಲ್ಲವೇ ಎಂಬಂತೆ ನೋಡಿದ. ಮೇಸ್ತ್ರಿ ನನ್ನ ಕೊಳವೆಯನ್ನು ಗಮನಿಸಿ, "ಸಾರ್, ನಿಮ್ಮ ಹಳೇ ಮ್ಯಾಪಲ್ಲಿ ಏನೈತೆ?" ಎಂದ. ನಾನು ಹಾಳೆಯನ್ನು ಹೊರಗೆ ತೆಗೆಯಲಿಲ್ಲ. ನಮ್ಮ ಜನ ಇಲ್ಲಿದ್ದದ್ದು ಅದರಲ್ಲಿದೆ ಎಂದೆ. ಅಷ್ಟು ಸಾಕಾಯಿತು. ಅವನು ತನ್ನ ಕಾಗದ ಬಿಚ್ಚಿ, ಆ ಜಾಗದ ಸುತ್ತ ಪೆನ್ನಿನಿಂದ ಗೆರೆ ಎಳೆದು, ನಮಸ್ಕಾರ ಮಾಡಿ ಹೋದ.

ಬೈಕಿನ ಧೂಳು ಅಡಗಿದ ಮೇಲೆ ರಂಗಣ್ಣ ಅಂದ: "ಸರಿ, ಹಾಕಮ್ಮ ಮಣ್ಣು. ನಾನೂ ಇವ್ನೂ ಸೇರಿ ಮುಚ್ಚಿಬಿಡ್ತೀವಿ, ಅರ್ಧ ಗಂಟೆ ಕೆಲಸ."

ದೊಡ್ಡಮ್ಮ ಮುಷ್ಟಿ ಹಿಡಿದೇ ಇದ್ದಳು.

"ಬ್ಯಾಡ," ಎಂದಳು. "ಮಕ್ಳ ಗೋರಿ ಅಂದ್ಬುಟ್ಟು, ಹೊಸ ಮಣ್ಣು ತುಂಬಿಸಿ ಹೋದ್ರೆ ಅವ್ರು ನಾಳೆ ಬಂದು ಏನನ್ಕೊಂಡಾರು? ಗುಂಡಿ ಅಂತ ಗೊತ್ತಾಗೋಯ್ತದೆ. ಒಂದನ್ನ ಮುಚ್ಚಿದ್ರೆ ಎಲ್ಲಾನೂ ಮುಚ್ತಾರೆ."

"ಅದಕ್ಕಲ್ವೇನಮ್ಮ ಇಷ್ಟು ದೂರ ಬಂದಿದ್ದು?"

"ನಾನೊಬ್ಳೇ ಏನ್ಲಾ ಇಲ್ಲಿ ಹುಟ್ಟಿದ್ದು? ಧರ್ಮಾವರದಾಗೆ ಅವ್ರೆ, ಮೊಳಕಾಲ್ಮೂರ್ನಾಗೆ ಅವ್ರೆ. ಅವ್ರಪ್ಪಂದಿರೂ ಇಲ್ಲೇ ಕಾಲು ಇಳೀಬಿಟ್ಟು ಕುಂತವ್ರೆ. ಯಾರಾದ್ರೂ ಬರಬೋದು."

ಅವಳು ಮಣ್ಣನ್ನು ಗುಂಡಿಗೂ ಹಾಕಲಿಲ್ಲ, ನೆಲಕ್ಕೂ ಚೆಲ್ಲಲಿಲ್ಲ. ಹಿಡಿ ಮಣ್ಣು ಬಿದ್ದ ಗುಂಡಿಯನ್ನು ಮುಚ್ಚದೆ ಬಿಡುವಂತಿಲ್ಲ, ಗುಂಡಿಗೆಂದು ಎತ್ತಿದ ಮಣ್ಣನ್ನು ಬೇರೆ ಕಡೆ ಹಾಕುವಂತೆಯೂ ಇಲ್ಲ. ಸೆರಗಿನ ತುದಿಗೆ ಸುರಿದು ಗಂಟು ಹಾಕಿಕೊಂಡಳು. ಎರಡು ಸುತ್ತು ಹಾಕಿ, ಹಲ್ಲಿನಿಂದ ಎಳೆದು ಬಿಗಿದಳು.

ಬ್ರಹ್ಮಸಮುದ್ರದಿಂದ ಬಸ್ಸಿನಲ್ಲಿ ಬರುವಾಗ ಸೊನ್ನೆ ಟಿಕೇಟು ಸಿಕ್ಕಿತು. ದೊಡ್ಡಮ್ಮ ಅದನ್ನು ರವಿಕೆಯೊಳಗೆ ಇಟ್ಟುಕೊಂಡಳು. ರಂಗಣ್ಣ ಮುಂದಿನ ಸೀಟಿನಿಂದ ತಿರುಗಿ, "ಎಂಬತ್ತು ವರ್ಷಕ್ಕೆ ಸುಳ್ಳು ಹೇಳೋಕೆ ಶುರು ಮಾಡ್ದೆ ನೋಡು," ಎಂದ.

"ಎಲ್ಲಿ ಸುಳ್ಳು? ಆ ಗುಂಡಿಗಳು ಮಕ್ಳವೇ ಕಣ್ಲಾ. ಮಣ್ಣು ಹಾಕ್ಬೇಕಾದೋರು ಮಕ್ಳೇ ತಾನೆ." ಆಮೇಲೆ ನನ್ನ ಕಡೆ ನೋಡಿ, ಸೆರಗಿನ ಗಂಟನ್ನು ನನ್ನ ಮೊಣಕೈಗೆ ಒತ್ತಿದಳು. "ನಾನು ಹೋದ್ಮೇಲೆ ಇದನ್ನ ತಗೊಂಡು ಅಲ್ಲಿಗೆ ಹೋಗು. ಎತ್ತಿದ ಕೈ ನಂದೇ ತಾನೆ. ಅಷ್ಟೊತ್ಗೆ ಆ ಬೇಲಿ ಹಳೇದಾಗಿರ್ತದೆ. ಒಳ್ಗೆ ಹೋಗಿ ಹಾಕು. ದಾರಿ ಮರೀಬ್ಯಾಡ."

ಗುಡ್ಡ ಕಿಟಕಿಯಲ್ಲಿ ಬಹಳ ದೂರದವರೆಗೆ ಕಾಣುತ್ತಿತ್ತು. ನೆತ್ತಿಯ ಮೇಲೆ ಗಾಳಿಯಂತ್ರ ತಿರುಗುತ್ತಿತ್ತು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ, ನಾನು ನೋಡಿದೆ.

ಮನೆಗೆ ಬಂದ ಮೇಲೆ ನಕಾಶೆಯನ್ನು ಮೇಜಿನ ಮೇಲೆ ಹರಡಿದೆ. ಹೊಸ ಹಾಳೆಯ ಬಿಳಿ ಜಾಗದಲ್ಲಿ ಹಟ್ಟಿಯನ್ನು ಗುರುತಿಸಬೇಕು, ಸಂಬಂಧಪಟ್ಟ ಕಚೇರಿಗೆ ಬರೆಯಬೇಕು, ಪತ್ರಿಕೆಗೂ ಕಳಿಸಬೇಕು ಎಂದು ಹೊರಡುವಾಗ ಅಂದುಕೊಂಡಿದ್ದೆ. ಅಲ್ಲಿ ಊರಿತ್ತು ಎಂದು ಬರೆದರೆ ಅವು ಗೋರಿಗಳಲ್ಲ ಎಂದೂ ಬರೆದಂತೆ, ಯಾವುದನ್ನೂ ಮಾಡಲಿಲ್ಲ. ಸೀಸದ ಕಡ್ಡಿಯಲ್ಲಿ ಒಂದು ಸಣ್ಣ ಚೌಕ ಬರೆದೆ, ಹೆಸರು ಬರೆಯಲಿಲ್ಲ. ನನ್ನ ಮಗಳನ್ನು ಕರೆದು, ಬ್ರಹ್ಮಸಮುದ್ರದಿಂದ ಅಲ್ಲಿಗೆ ಹೋಗುವ ದಾರಿಯನ್ನು ಎರಡು ಸಲ ಬಾಯಲ್ಲಿ ಹೇಳಿಸಿದೆ.